ಬೆಂಡೆಗೆ ಮೊದಲು ಬೇಕಾದದ್ದು ಬೆಚ್ಚನೆಯ ಮಣ್ಣು

ಬೆಂಡೆ ಸಸಿಗಳನ್ನು ಮಡಿಗೆ ಇಳಿಸುವ ಹೊತ್ತು ಬಂದಿತೇ ಎಂಬುದನ್ನು ತಿಳಿಯಲು ನಾನು ಈಗ ಆಕಾಶವನ್ನಾಗಲಿ ಕ್ಯಾಲೆಂಡರನ್ನಾಗಲಿ ನೋಡುವುದಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ, ಬಿಸಿಲು ನೆಲವನ್ನು ಕಾಯಿಸುವ ಮೊದಲೇ, ಮಡಿಯ ಮಣ್ಣಿಗೆ ಅರ್ಧ ಗೇಣು, ಅಂದರೆ ಸುಮಾರು 10 ಸೆಂಟಿಮೀಟರ್ ಆಳಕ್ಕೆ ಥರ್ಮಾಮೀಟರನ್ನು ಚುಚ್ಚಿ ಐದು ನಿಮಿಷ ಕಾಯುತ್ತೇನೆ. ಸತತವಾಗಿ ನಾಲ್ಕೈದು ದಿನ ಅದು 18 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ತೋರಿಸಿದರೆ ನಾಟಿಗೆ ಸಿದ್ಧತೆ ಮಾಡಿಕೊಳ್ಳುತ್ತೇನೆ; ಇಲ್ಲದಿದ್ದರೆ, ಮಧ್ಯಾಹ್ನದ ಬಿಸಿಲು ಎಷ್ಟೇ ಆಸೆ ಹುಟ್ಟಿಸಿದರೂ, ಸಸಿಗಳು ಮನೆಯೊಳಗೇ ಉಳಿಯುತ್ತವೆ. ಬೇಸಿಗೆ ಚಿಕ್ಕದಾಗಿದ್ದು ರಾತ್ರಿಗಳು ತಣ್ಣಗಿರುವ ಕಡೆ ಬೆಂಡೆ ಬೆಳೆಯಲು ಹೊರಟವರಿಗೆ ನಾನು ಹೇಳಬಹುದಾದ ಮಾತುಗಳಲ್ಲಿ ಮುಖ್ಯವಾದದ್ದು ಇದೇ: ಗಾಳಿಯ ಬಿಸಿಯನ್ನು ನಂಬದೆ ಮಣ್ಣಿನ ಬಿಸಿಯನ್ನು ಅಳೆಯಿರಿ, ಸಸಿ ಚಿಕ್ಕದಾಗಿರುವಾಗಲೇ, ತಡವಾದರೂ ಚಿಂತೆಯಿಲ್ಲ, ಬೆಚ್ಚಗಾದ ಮಣ್ಣಿಗೆ ಇಳಿಸಿರಿ.

ಇದು ಎರಡು ಬೇಸಿಗೆಗಳನ್ನು ಕಳೆದುಕೊಂಡ ಮೇಲೆ ನನಗೆ ತಿಳಿದ ವಿಷಯ. ಮೊದಲ ವರ್ಷ ಚಳಿಗಾಲದ ಕೊನೆಯ ಹಿಮ ಬಿದ್ದು ಹೋದ ಒಂದು ವಾರಕ್ಕೇ ಬೀಜಗಳನ್ನು ನೇರವಾಗಿ ಮಡಿಯಲ್ಲಿ ಊರಿದೆ. ಮೂರು ವಾರ ಕಳೆದರೂ ಏನೂ ಮೇಲೇಳದಿದ್ದಾಗ ಬೆರಳಿನಿಂದ ಮಣ್ಣನ್ನು ಕೆದಕಿ ನೋಡಿದರೆ, ಬೀಜಗಳು ಉಬ್ಬಿ, ಮೆತ್ತಗಾಗಿ, ಒತ್ತಿದರೆ ಬೂದುಬಣ್ಣದ ಹಿಟ್ಟಿನಂತೆ ಒಡೆದುಹೋಗುತ್ತಿದ್ದವು. ಎರಡನೆಯ ವರ್ಷ ಇದಕ್ಕೆ ಪರಿಹಾರವೆಂದುಕೊಂಡು ಎಂಟು ವಾರ ಮೊದಲೇ ಒಳಗೆ ಸಸಿ ಮಾಡಿಕೊಂಡೆ. ಒಂದೇ ತಟ್ಟೆಯಲ್ಲಿ ಒತ್ತಾಗಿ ಬೆಳೆದ ಆ ಸಸಿಗಳು ನಾಟಿಯ ಹೊತ್ತಿಗೆ ಮೊಣಕೈಯುದ್ದವಾಗಿದ್ದವು, ನೋಡಲು ಬಹಳ ಸೊಗಸಾಗಿದ್ದವು. ಅವುಗಳನ್ನು ಒಂದೊಂದಾಗಿ ಬಿಡಿಸಿ ನೆಟ್ಟ ಮರುದಿನವೇ ಎಲೆಗಳು ಜೋತುಬಿದ್ದವು. ವಾರದೊಳಗೆ ಕೆಳಗಿನ ಎಲೆಗಳು ಹಳದಿಯಾಗಿ ಉದುರಿದವು. ಉಳಿದ ಕೆಲವು ಗಿಡಗಳು ಬೇಸಿಗೆಯ ಅರ್ಧಭಾಗವನ್ನು ಸುಮ್ಮನೆ ನಿಂತೇ ಕಳೆದವು. ಅದೇ ವರ್ಷ ಒಂದು ಮೂಲೆಯಲ್ಲಿ, ಸತ್ತ ಸಸಿಗಳ ಜಾಗ ತುಂಬಲೆಂದು, ಮೂರು ವಾರ ತಡವಾಗಿ ಕಾಗದದ ಕುಂಡದಲ್ಲಿ ಮೊಳೆಸಿದ್ದ ಎರಡು ಪುಟ್ಟ ಸಸಿಗಳನ್ನು ನೆಟ್ಟಿದ್ದೆ. ನೆಡುವಾಗ ಅವುಗಳಿಗೆ ಬೀಜದೊಳಗಿಂದ ಮೊದಲು ಹೊರಬರುವ ಜೋಡಿ ಬೀಜದೆಲೆಗಳಲ್ಲದೆ ಎರಡೇ ಎಲೆಗಳಿದ್ದವು. ಆರು ವಾರಗಳ ನಂತರ ಮೊದಲ ಹೂವು ಬಿಟ್ಟದ್ದು ಆ ಎರಡರಲ್ಲಿಯೇ. ಆಗಿನಿಂದ ನಾನು ಬೆಂಡೆಯ ವಿಷಯದಲ್ಲಿ ಸಸಿಯ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟಿದ್ದೇನೆ.

ಈ ಗಿಡದ ಕುಲವನ್ನು ನೆನಪಿಸಿಕೊಂಡರೆ ಅದರ ಸ್ವಭಾವ ಅರ್ಥವಾಗುತ್ತದೆ. ಹತ್ತಿ, ದಾಸವಾಳ, ಪುಂಡಿ ಇವೆಲ್ಲ ಬೆಂಡೆಯ ಹತ್ತಿರದ ನಂಟರು. ಮಾಲ್ವೇಸೀ ಎಂಬ ಒಂದೇ ಕುಟುಂಬಕ್ಕೆ ಸೇರಿದವು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದನ್ನು ದಾಸವಾಳದ ಜಾತಿಯಲ್ಲಿಯೇ ಇಟ್ಟು ಹೈಬಿಸ್ಕಸ್ ಎಸ್ಕ್ಯುಲೆಂಟಸ್ ಎಂದು ಕರೆದಿದ್ದ. 1794ರಲ್ಲಿ ಮೋಯೆಂಕ್ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ಅಬೆಲ್ಮಾಸ್ಕಸ್ ಎಂಬ ಬೇರೆ ಜಾತಿಗೆ ಸೇರಿಸಿದ. ಹೆಸರು ಬದಲಾದರೂ ಗಿಡದ ಬಯಕೆ ಬದಲಾಗಲಿಲ್ಲ. ಹಗಲಿನಲ್ಲಿ 25ರಿಂದ 35 ಡಿಗ್ರಿ, ರಾತ್ರಿಯಲ್ಲಿ 18 ಡಿಗ್ರಿಗಿಂತ ಹೆಚ್ಚು ಇದ್ದರೆ ಅದು ಲವಲವಿಕೆಯಿಂದ ಬೆಳೆಯುತ್ತದೆ. ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ನಿಧಾನವಾಗುತ್ತದೆ, 10ರ ಆಸುಪಾಸಿನಲ್ಲಿ ನಿಂತೇ ಹೋಗುತ್ತದೆ, ಹಿಮ ತಾಗಿದರೆ ಒಂದೇ ರಾತ್ರಿಯಲ್ಲಿ ಕಪ್ಪಾಗಿ ಸಾಯುತ್ತದೆ. ಕೋಸು, ಮೂಲಂಗಿಗಳಂತೆ ತಂಪಿಗೆ ಹೊಂದಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಆದುದರಿಂದ ತಂಪು ಪ್ರದೇಶದ ತೋಟಗಾರನು ಗಿಡವನ್ನು ಬದಲಾಯಿಸಲು ಹೋಗದೆ, ಗಿಡದ ಸುತ್ತ ಒಂದು ಮಾರಿನಷ್ಟು ಜಾಗದ ಹವೆಯನ್ನು ಬದಲಾಯಿಸಬೇಕಾಗುತ್ತದೆ.

ಬೀಜದಿಂದಲೇ ಆರಂಭಿಸುತ್ತೇನೆ. ಬೆಂಡೆಯ ಬೀಜದ ಸಿಪ್ಪೆ ಗಟ್ಟಿಯಾದದ್ದು; ನೀರನ್ನು ಒಳಗೆ ಬಿಟ್ಟುಕೊಳ್ಳಲು ಕೆಲವು ಬೀಜಗಳು ಬಹಳ ಹೊತ್ತು ತೆಗೆದುಕೊಳ್ಳುತ್ತವೆ. ಹಿಂದಿನ ಸಂಜೆ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ನೋಡಿದರೆ, ಒಳ್ಳೆಯ ಬೀಜಗಳು ಉಬ್ಬಿ ಹೊಳೆಯುತ್ತಿರುತ್ತವೆ. ಮೊದಲಿನಂತೆಯೇ ಕಲ್ಲಿನ ಹಾಗೆ ಇರುವವನ್ನು ನಾನು ಮರಳು ಕಾಗದದ ಮೇಲೆ ಒಂದೆರಡು ಸಲ ಮೆಲ್ಲನೆ ಉಜ್ಜಿ ಮತ್ತೆ ನೆನೆಹಾಕುತ್ತೇನೆ. ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಕಾಲ ನೀರಿನಲ್ಲಿ ಬಿಡಬಾರದು, ಗಾಳಿಯಿಲ್ಲದೆ ಬೀಜ ಕೆಡುತ್ತದೆ. ಮೊಳಕೆಯ ವೇಗವನ್ನು ನಿರ್ಧರಿಸುವುದು ಬಿಸಿಯೇ. ಮಣ್ಣು 15 ಡಿಗ್ರಿಯಷ್ಟಿದ್ದರೆ ಬೆಂಡೆ ಮೊಳೆತು ಮೇಲೆ ಬರಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ, ಅಷ್ಟರೊಳಗೆ ಬಹುಪಾಲು ಬೀಜಗಳು ಕೊಳೆತಿರುತ್ತವೆ. 20 ಡಿಗ್ರಿಯಲ್ಲಿ ಎರಡು ವಾರಕ್ಕಿಂತ ಹೆಚ್ಚು ಬೇಕು. 30 ಡಿಗ್ರಿಯಲ್ಲಿ ಒಂದೇ ವಾರ ಸಾಕು. ಅಂಕಿಗಳನ್ನು ಹೀಗೆ ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ನನ್ನ ಮೊದಲ ವರ್ಷದ ಬೀಜಗಳಿಗೆ ಏನಾಯಿತೆಂಬುದು ನನಗೆ ಸ್ಪಷ್ಟವಾದದ್ದು. ಈಗ ಸಸಿ ಕುಂಡಗಳ ಕೆಳಗೆ ಬಿಸಿಮಾಡುವ ಚಾಪೆಯನ್ನು ಹಾಕಿ 27 ಡಿಗ್ರಿಯ ಸುತ್ತಮುತ್ತ ಇರಿಸುತ್ತೇನೆ. ಅಂಥ ಚಾಪೆ ಇಲ್ಲದವರು ಮನೆಯಲ್ಲಿ ಸದಾ ಬೆಚ್ಚಗಿರುವ ಯಾವುದಾದರೂ ಮೂಲೆಯನ್ನು ಹುಡುಕಿಕೊಳ್ಳಬಹುದು. ಮೊಳಕೆ ಕಾಣುವವರೆಗೆ ಬೆಳಕಿನ ಅಗತ್ಯವಿಲ್ಲ. ಮೊಳಕೆ ಕಂಡ ದಿನವೇ ಮಾತ್ರ ಕುಂಡವನ್ನು ತುಂಬು ಬೆಳಕಿಗೆ ತರಬೇಕು, ಒಂದು ದಿನ ತಡಮಾಡಿದರೂ ಕಾಂಡ ನೂಲಿನಂತೆ ಎಳೆದುಕೊಳ್ಳುತ್ತದೆ.

ಬಿತ್ತುವ ಪಾತ್ರೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುವುದು ಅಗತ್ಯ, ಏಕೆಂದರೆ ನಾಟಿಯ ಯಶಸ್ಸು ಅಲ್ಲಿಯೇ ತೀರ್ಮಾನವಾಗುತ್ತದೆ. ನಾನೊಮ್ಮೆ ಗಾಜಿನ ಲೋಟದ ಅಂಚಿನಲ್ಲಿ ಬೀಜವನ್ನು ಊರಿ, ಅದು ಒಡೆದು ಬೇರಿನ ಬಿಳಿಯ ತುದಿ ಕಾಣಿಸಿದ ನಾಲ್ಕನೆಯ ದಿನ ನೋಡಿದ್ದೆ. ಮೇಲೆ ಬೀಜದೆಲೆಗಳು ಇನ್ನೂ ಸಿಪ್ಪೆಯ ಟೋಪಿಯನ್ನು ಹೊತ್ತುಕೊಂಡು ಬಾಗಿ ನಿಂತಿದ್ದವು. ಕೆಳಗೆ ತಾಯಿಬೇರು ಆಗಲೇ ನೆಟ್ಟಗೆ ಇಳಿದು ಲೋಟದ ತಳವನ್ನು ಮುಟ್ಟಿ, ಅಲ್ಲಿ ದಾರಿ ಸಿಗದೆ ಪಕ್ಕಕ್ಕೆ ತಿರುಗಿತ್ತು. ಗಿಡ ಮೇಲೆ ಒಂದು ಬೆರಳಿನಷ್ಟು ಬೆಳೆಯುವುದರೊಳಗೆ ಕೆಳಗೆ ಮೂರು ಬೆರಳಿನಷ್ಟು ಇಳಿದಿರುತ್ತದೆ. ಈ ತಾಯಿಬೇರು ಮುರಿದರೆ ಬೆಂಡೆ ಟೊಮೆಟೊ ಗಿಡದ ಹಾಗೆ ಕಾಂಡದಿಂದ ಹೊಸ ಬೇರುಗಳನ್ನು ಬಿಟ್ಟು ಬೇಗನೆ ಚೇತರಿಸಿಕೊಳ್ಳಲಾರದು. ತಟ್ಟೆಯಲ್ಲಿ ಒತ್ತಾಗಿ ಬಿತ್ತಿ ಆಮೇಲೆ ಬಿಡಿಸಿ ನೆಡುವ ಪದ್ಧತಿ ಬದನೆ, ಮೆಣಸಿನಕಾಯಿಗಳಿಗೆ ಒಗ್ಗುತ್ತದೆ, ಬೆಂಡೆಗೆ ಒಗ್ಗುವುದಿಲ್ಲ. ಕನಿಷ್ಠ 10 ಸೆಂಟಿಮೀಟರ್ ಆಳವಿರುವ, ಬೇರನ್ನು ಹಿಡಿದಿರುವ ಮಣ್ಣಿನ ಉಂಡೆಯನ್ನು ಕದಲಿಸದೆ ಹಾಗೆಯೇ ಮಣ್ಣಿಗೆ ಇಳಿಸಲು ಬರುವ ಪಾತ್ರೆಗಳಲ್ಲಿ ಬಿತ್ತಬೇಕು. ನಾನು ಹಳೆಯ ಸುದ್ದಿಪತ್ರಿಕೆಯನ್ನು ಒಂದು ಬಾಟಲಿಗೆ ಎರಡು ಸುತ್ತು ಸುತ್ತಿ, ತಳವನ್ನು ಮಡಚಿ ಕುಂಡ ಮಾಡಿಕೊಳ್ಳುತ್ತೇನೆ. ಅದರಲ್ಲಿ ಸಡಿಲವಾದ, ನೀರು ಬಸಿದುಹೋಗುವ ಮಿಶ್ರಣವನ್ನು ತುಂಬಿ, ಎರಡೆರಡು ಬೀಜಗಳನ್ನು ಸುಮಾರು 2 ಸೆಂಟಿಮೀಟರ್ ಆಳಕ್ಕೆ ಊರುತ್ತೇನೆ. ಎರಡೂ ಮೊಳೆತರೆ ದುರ್ಬಲವಾದುದನ್ನು ಕತ್ತರಿಯಿಂದ ಬುಡದಲ್ಲಿ ಕತ್ತರಿಸಬೇಕು. ಕಿತ್ತರೆ ಉಳಿಯುವ ಸಸಿಯ ಬೇರೂ ಅಲುಗುತ್ತದೆ. ಚೆನ್ನಾಗಿ ಬಂದಿರುವ ಸಸಿಯೊಂದನ್ನು ಕತ್ತರಿಸಲು ಮನಸ್ಸು ಬಾರದು, ಆದರೂ ಆ ಕೆಲಸವನ್ನು ಬೀಜದೆಲೆಗಳ ನಂತರದ ಮೊದಲ ನಿಜ ಎಲೆ ಕಾಣುವುದರೊಳಗೆ ಮುಗಿಸಿಬಿಡುವುದು ಒಳ್ಳೆಯದು.

ಈ ಹಂತದಲ್ಲಿ ಸಸಿಗಳನ್ನು ಕೊಲ್ಲುವುದು ಹೆಚ್ಚಾಗಿ ನೀರು. ತಣ್ಣನೆಯ, ಸದಾ ಒದ್ದೆಯಾದ ಮಿಶ್ರಣದಲ್ಲಿ ಶಿಲೀಂಧ್ರ ಹತ್ತಿ, ಕಾಂಡವು ಮಣ್ಣಿನ ಮಟ್ಟದಲ್ಲಿ ಕರಗಿದಂತಾಗಿ ಸಸಿ ಅಡ್ಡಬೀಳುತ್ತದೆ. ಮೇಲ್ಮಣ್ಣು ಒಣಗಿದ ಬಣ್ಣಕ್ಕೆ ತಿರುಗಿದ ಮೇಲಷ್ಟೇ, ತಳದ ತಟ್ಟೆಗೆ ಉಗುರುಬೆಚ್ಚನೆಯ ನೀರು ಹಾಕಿ, ಅರ್ಧ ಗಂಟೆಯ ನಂತರ ಉಳಿದುದನ್ನು ಚೆಲ್ಲಿಬಿಡುತ್ತೇನೆ.

ಎಷ್ಟು ದಿನದ ಸಸಿಯನ್ನು ನೆಡಬೇಕು? ಮೂರು ವಾರದ್ದು ಅತ್ಯುತ್ತಮ, ನಾಲ್ಕು ವಾರದ್ದು ಆದೀತು, ಐದು ವಾರ ದಾಟಿದರೆ ನಾನು ಅದನ್ನು ಇನ್ನಷ್ಟು ಆಳದ ಕುಂಡಕ್ಕೆ ಹಾಗೆಯೇ ಇಳಿಸಿ ಕುಂಡದಲ್ಲಿಯೇ ಬೆಳೆಸುತ್ತೇನೆ. ಬೀಜದೆಲೆಗಳು ಹಸಿರಾಗಿಯೇ ಇದ್ದು, ಎರಡರಿಂದ ಮೂರು ನಿಜ ಎಲೆಗಳು ಬಂದು, ಕಾಗದದ ಕುಂಡದ ತಳದಲ್ಲಿ ಒಂದೋ ಎರಡೋ ಬಿಳಿಯ ಬೇರು ಇಣುಕಿದಾಗ ಸಸಿ ಸಿದ್ಧವಾಗಿದೆಯೆಂದು ತಿಳಿಯಬೇಕು. ಹೀಗಾಗಿ ಬಿತ್ತುವ ದಿನವನ್ನು ಹಿಂದಿನಿಂದ ಎಣಿಸಿ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಕೊನೆಯ ಹಿಮದ ದಿನದಿಂದಲ್ಲ, ನಮ್ಮ ಮಡಿಯ ಮಣ್ಣು 18 ಡಿಗ್ರಿ ಮುಟ್ಟುವ ವಾರದಿಂದ ಎಣಿಸಬೇಕು. ಹಲವು ತಂಪು ತೋಟಗಳಲ್ಲಿ ಈ ಎರಡರ ನಡುವೆ ಮೂರು ನಾಲ್ಕು ವಾರಗಳ ಅಂತರವಿರುತ್ತದೆ. ಒಂದು ವರ್ಷ ಮಣ್ಣಿನ ಉಷ್ಣತೆಯನ್ನು ಬರೆದಿಟ್ಟುಕೊಂಡವರಿಗೆ ಮರುವರ್ಷ ಈ ಲೆಕ್ಕ ಸುಲಭವಾಗುತ್ತದೆ.

ಈಗ ಮಣ್ಣಿನ ವಿಷಯ. ಸಮತಟ್ಟಾದ ನೆಲಕ್ಕಿಂತ ಏರುಮಡಿ ಬೇಗ ಬಿಸಿಯಾಗುತ್ತದೆ, ಹೆಚ್ಚಿನ ನೀರೂ ಅದರಿಂದ ಬಸಿದುಹೋಗುತ್ತದೆ. ನಾನು ಮಡಿಯನ್ನು ಒಂದು ಗೇಣು ಏರಿಸಿ, ಚೆನ್ನಾಗಿ ಕಳಿತ ಗೊಬ್ಬರವನ್ನು ಬೆರೆಸಿ, ನಾಟಿಗೆ ಮೂರು ವಾರ ಮೊದಲೇ ಒಮ್ಮೆ ನೀರುಣಿಸಿ, ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುತ್ತೇನೆ. ಹಾಳೆ ಮಣ್ಣಿಗೆ ಬಿಗಿಯಾಗಿ ಅಂಟಿಕೊಂಡಿರಬೇಕು. ನಡುವೆ ಗಾಳಿ ಸೇರಿದರೆ ಹಾಳೆ ಕಾಯುತ್ತದೆಯೇ ಹೊರತು ಬಿಸಿ ಮಣ್ಣಿಗೆ ಇಳಿಯುವುದಿಲ್ಲ. ಮೊದಲ ಸಲ ನಾನು ಹೆಂಟೆಗಳನ್ನು ಒಡೆಯದೆ ಹಾಗೆಯೇ ಹೊದಿಸಿದ್ದರಿಂದ ಹಾಳೆ ಡೇರೆಯಂತೆ ಎದ್ದು ನಿಂತು, ಎರಡು ವಾರದ ನಂತರವೂ ಮಣ್ಣಿನ ಉಷ್ಣತೆ ಬರಿಯ ಮಡಿಗಿಂತ ಒಂದು ಡಿಗ್ರಿ ಮಾತ್ರ ಹೆಚ್ಚಿತ್ತು. ಪಾರದರ್ಶಕ ಹಾಳೆ ಕಪ್ಪು ಹಾಳೆಗಿಂತ ಹೆಚ್ಚು ಬಿಸಿಮಾಡುತ್ತದೆಯಾದರೂ ಅದರ ಕೆಳಗೆ ಕಳೆಯೂ ಸೊಂಪಾಗಿ ಬೆಳೆಯುತ್ತದೆ. ಹುಲ್ಲು, ಒಣ ಎಲೆಗಳ ಹೊದಿಕೆಯನ್ನು ಆರಂಭದಲ್ಲಿ ಎಂದಿಗೂ ಹಾಕಬಾರದು. ಬಿಸಿ ಪ್ರದೇಶದಲ್ಲಿ ಅದು ಬೇರುಗಳನ್ನು ತಂಪಾಗಿಡುವ ಉಪಕಾರವನ್ನು ಮಾಡುತ್ತದೆ, ತಂಪು ಪ್ರದೇಶದಲ್ಲಿ ಅದೇ ಉಪಕಾರವು ಬೆಂಡೆಗೆ ಅಪಕಾರವಾಗುತ್ತದೆ.

ಜಾಗವನ್ನು ಆರಿಸುವಾಗ ದಿನಕ್ಕೆ ಎಂಟು ಗಂಟೆಯಾದರೂ ನೇರ ಬಿಸಿಲು ಬೀಳುವ, ಗಾಳಿಗೆ ಮರೆಯಾಗಿರುವ ಕಡೆಯನ್ನು ನೋಡಿಕೊಳ್ಳಬೇಕು. ಹಗಲೆಲ್ಲ ಬಿಸಿಲು ಕುಡಿಯುವ ಕಲ್ಲಿನ ಅಥವಾ ಇಟ್ಟಿಗೆಯ ಗೋಡೆಯೊಂದಿದ್ದರೆ ಅದರ ಬುಡ ಬೆಂಡೆಗೆ ಮೀಸಲಾಗಲಿ. ಕತ್ತಲಾದ ಮೇಲೂ ಆ ಗೋಡೆಗೆ ಅಂಗೈ ಇಟ್ಟರೆ ಬಿಸುಪು ತಿಳಿಯುತ್ತದೆ, ಗಿಡಕ್ಕೂ ಅದು ತಲುಪುತ್ತದೆ. ಬಿಸಿಲುಮನೆಯೋ ಪ್ಲಾಸ್ಟಿಕ್ ಸುರಂಗವೋ ಇದ್ದವರಿಗೆ ಈ ಕಷ್ಟಗಳಲ್ಲಿ ಅರ್ಧದಷ್ಟು ಇಲ್ಲವೇ ಇಲ್ಲ. ಏನೂ ಇಲ್ಲದವರು 20 ಲೀಟರಿನ ಕಪ್ಪು ಕುಂಡಗಳಲ್ಲಿ ಒಂದೊಂದೇ ಗಿಡ ಬೆಳೆಯಬಹುದು. ಕುಂಡದ ಮಣ್ಣು ಸುತ್ತಲಿಂದಲೂ ಕಾಯುವುದರಿಂದ ನೆಲಕ್ಕಿಂತ ಬೇಗ ಬೆಚ್ಚಗಾಗುತ್ತದೆ, ಚಳಿ ಹೆಚ್ಚಾದ ರಾತ್ರಿ ಒಳಗೆ ಎತ್ತಿಡಲೂ ಬರುತ್ತದೆ. ಆದರೆ ಬೇಗ ಒಣಗುವುದರಿಂದ ಬಿಸಿಲಿನ ದಿನಗಳಲ್ಲಿ ದಿನವೂ ನೀರು ಬೇಡುತ್ತದೆ.

ನಾಟಿಗೆ ಒಂದು ವಾರ ಹತ್ತು ದಿನ ಮೊದಲು ಸಸಿಗಳನ್ನು ಹೊರಗಿನ ಹವೆಗೆ ಒಗ್ಗಿಸಬೇಕು. ಮೊದಲ ದಿನ ನೆರಳಿನಲ್ಲಿ ಒಂದೆರಡು ಗಂಟೆ, ಆಮೇಲೆ ಬೆಳಗಿನ ಎಳೆಬಿಸಿಲು, ಕೊನೆಗೆ ಇಡೀ ಹಗಲು ಎಂದು ಹೆಚ್ಚಿಸುತ್ತ ಹೋಗುತ್ತೇನೆ. ಒಂದು ವಿಷಯದಲ್ಲಿ ಬೆಂಡೆಯನ್ನು ಕೋಸಿನಂತೆ ನಡೆಸಿಕೊಳ್ಳಬಾರದು: ಬಿಸಿಲಿಗೆ, ಗಾಳಿಗೆ ಅದನ್ನು ಒಗ್ಗಿಸಬಹುದು, ಚಳಿಗೆ ಒಗ್ಗಿಸಲಾಗದು. ರಾತ್ರಿ 13 ಡಿಗ್ರಿಗಿಂತ ಕೆಳಗಿಳಿಯುವ ಸಂಭವವಿದ್ದರೆ ಸಸಿಗಳು ಒಳಗೆ ಬರಲೇಬೇಕು. ಚಳಿ ತಿಂದ ಸಸಿ ಸಾಯದೆ ಉಳಿದರೂ ಎಲೆಗಳು ಮಸುಕಾಗಿ, ಅಂಚುಗಳು ಒಳಗೆ ಮಡಚಿ, ಎರಡು ಮೂರು ವಾರ ಬೆಳೆಯದೆ ನಿಲ್ಲುತ್ತದೆ. ಚಿಕ್ಕ ಬೇಸಿಗೆಯಲ್ಲಿ ಆ ಮೂರು ವಾರಗಳನ್ನು ಮರಳಿ ಪಡೆಯುವ ದಾರಿಯಿಲ್ಲ.

ನೆಡುವ ದಿನ ಮೋಡ ಕವಿದಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಬಿಸಿಲು ಇಳಿದ ಮೇಲೆ ನೆಡುತ್ತೇನೆ. ಎರಡು ಗಂಟೆ ಮೊದಲು ಕುಂಡಗಳನ್ನು ಚೆನ್ನಾಗಿ ನೆನೆಸಿಟ್ಟರೆ ಮಣ್ಣು ಉದುರುವುದಿಲ್ಲ. ಕಪ್ಪು ಹಾಳೆಯಲ್ಲಿ ಕೂಡುಗುರುತಿನ ಆಕಾರಕ್ಕೆ ಕೊಯ್ದು, ಕುಂಡದಷ್ಟೇ ಆಳದ ಗುಂಡಿ ತೋಡಿ, ಕಾಗದದ ಕುಂಡವನ್ನು ಎರಡೂ ಕೈಗಳಲ್ಲಿ ಹಿಡಿದು ಇಳಿಸುತ್ತೇನೆ. ಇಳಿಸುವ ಮೊದಲು ಎರಡು ಸಣ್ಣ ಕೆಲಸಗಳಿವೆ. ತಳದ ಒದ್ದೆ ಕಾಗದವನ್ನು ಬೆರಳ ತುದಿಯಿಂದ ಹರಿದುಹಾಕಿದರೆ ತಾಯಿಬೇರಿಗೆ ನೇರ ದಾರಿ ಸಿಗುತ್ತದೆ. ಮಣ್ಣಿನ ಮೇಲೆ ಚಾಚಿಕೊಂಡಿರುವ ಕಾಗದದ ಅಂಚನ್ನು ಹರಿದುಹಾಕದಿದ್ದರೆ ಅದು ದೀಪದ ಬತ್ತಿಯಂತೆ ಒಳಗಿನ ತೇವವನ್ನು ಹೀರಿ ಗಾಳಿಗೆ ಬಿಡುತ್ತದೆ. ಬಿಸಿಲಿನಲ್ಲಿಟ್ಟು ಬೆಚ್ಚಗಾದ ನೀರನ್ನು ಬುಡಕ್ಕೆ ನಿಧಾನವಾಗಿ ಹುಯ್ಯುತ್ತೇನೆ. ಕೊಳಾಯಿಯ ತಣ್ಣೀರನ್ನು ನೇರವಾಗಿ ಬಿಟ್ಟರೆ ಮೂರು ವಾರ ಕಾಯಿಸಿದ ಮಣ್ಣನ್ನು ನಾವೇ ಒಂದು ನಿಮಿಷದಲ್ಲಿ ತಣಿಸಿದಂತಾಗುತ್ತದೆ. ಗಿಡದಿಂದ ಗಿಡಕ್ಕೆ 30ರಿಂದ 40 ಸೆಂಟಿಮೀಟರ್, ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್ ಬಿಟ್ಟರೆ ಸಾಕು. ತಂಪಿನಲ್ಲಿ ಗಿಡಗಳು ಆಳೆತ್ತರಕ್ಕೆ ಹೋಗುವುದು ಅಪರೂಪ. ನೆಟ್ಟ ಕೂಡಲೇ ತಂತಿಯ ಕಮಾನುಗಳ ಮೇಲೆ ತೆಳುವಾದ ಬಿಳಿಯ ಹೊದಿಕೆ ಬಟ್ಟೆಯನ್ನು ಹರಡಿ ಅಂಚುಗಳಿಗೆ ಕಲ್ಲಿಡುತ್ತೇನೆ. ಅದು ಗಾಳಿಯನ್ನು ತಡೆಯುತ್ತದೆ, ರಾತ್ರಿಯ ಚಳಿಯನ್ನು ಒಂದೆರಡು ಡಿಗ್ರಿ ತಗ್ಗಿಸುತ್ತದೆ.

ನಾಟಿಯ ನಂತರದ ಹತ್ತು ದಿನ ತೋಟಗಾರನಿಗೆ ಬಹಳ ಕಷ್ಟದ ಕಾಲ. ಗಿಡ ಬೆಳೆದಂತೆ ಕಾಣುವುದಿಲ್ಲ. ಬೀಜದೆಲೆಗಳು ಹಳದಿಯಾಗಬಹುದು. ಆಗ ಗೊಬ್ಬರ ಹಾಕಬೇಕೆನಿಸುತ್ತದೆ, ಮತ್ತಷ್ಟು ನೀರು ಹಾಕಬೇಕೆನಿಸುತ್ತದೆ, ಎರಡನ್ನೂ ಮಾಡಬಾರದು. ಬೇರು ಆ ದಿನಗಳಲ್ಲಿ ಕೆಳಗೆ ದಾರಿ ಹುಡುಕುತ್ತಿರುತ್ತದೆ, ಅದಕ್ಕೆ ಬೇಕಾದದ್ದು ಬಿಸಿ ಮತ್ತು ಗಾಳಿ ಮಾತ್ರ. ನಾನು ದಿನವೂ ಬೆಳಿಗ್ಗೆ ನೋಡುವುದು ನಡುವಿನ ಕುಡಿಯನ್ನು. ಕುಡಿ ಎಳೆಹಸಿರಾಗಿ ಹೊಳೆಯುತ್ತಿದ್ದರೆ ಕೆಳಗಿನ ಎಲೆ ಹಳದಿಯಾದರೂ ಭಯವಿಲ್ಲ. ಕುಡಿಯೇ ಮಂಕಾಗಿದ್ದರೆ ಮಣ್ಣು ತಣ್ಣಗಿದೆ ಅಥವಾ ನೀರು ನಿಂತಿದೆ ಎಂದರ್ಥ. ಹೊದಿಕೆಯ ಒಳಗೆ ಹಗಲಿನ ಬಿಸಿ 35 ಡಿಗ್ರಿ ದಾಟುವಂತಿದ್ದರೆ ಎರಡು ತುದಿಗಳನ್ನು ತೆರೆದಿಡುತ್ತೇನೆ. ಮೊಗ್ಗು ಕಾಣಿಸಿಕೊಂಡ ಮೇಲೆ ಹಗಲಿನಲ್ಲಿ ಹೊದಿಕೆಯನ್ನು ಪೂರ್ತಿ ತೆಗೆಯುತ್ತೇನೆ. ಬೆಂಡೆಯ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದಾದರೂ ದುಂಬಿ, ಜೇನುಗಳು ಬಂದುಹೋದರೆ ಕಾಯಿ ಇನ್ನೂ ಚೆನ್ನಾಗಿ ತುಂಬುತ್ತದೆ.

ತಂಪು ಪ್ರದೇಶಗಳಲ್ಲಿ ಎಷ್ಟೋ ಜನರ ಬೆಂಡೆ ಗಿಡ ಸೊಂಪಾಗಿ ಬೆಳೆದೂ ಹೂ ಬಿಡದಿರುವುದಕ್ಕೆ ಚಳಿಯಲ್ಲದ ಬೇರೊಂದು ಕಾರಣವಿದೆ, ಅದು ಹಗಲಿನ ಉದ್ದ. ಬೆಂಡೆ ಮೂಲತಃ ಹಗಲು ರಾತ್ರಿಗಳು ಹೆಚ್ಚುಕಡಿಮೆ ಸಮನಾಗಿರುವ ಪ್ರದೇಶಗಳ ಗಿಡ. ಅದರ ಅನೇಕ ಹಳೆಯ ತಳಿಗಳು ಹಗಲು ಹನ್ನೆರಡು ಹದಿಮೂರು ಗಂಟೆಗೆ ಇಳಿಯುವವರೆಗೆ ಮೊಗ್ಗು ಬಿಡುವುದೇ ಇಲ್ಲ. ಭೂಮಧ್ಯರೇಖೆಯಿಂದ ದೂರವಿರುವ ಕಡೆ ನಡುಬೇಸಿಗೆಯಲ್ಲಿ ಹಗಲು ಹದಿನಾರು ಗಂಟೆಯವರೆಗೂ ಇರುತ್ತದೆ. ಅಂಥ ಕಡೆ ಈ ತಳಿಗಳು ಬೇಸಿಗೆಯುದ್ದಕ್ಕೂ ಎಲೆಯನ್ನಷ್ಟೇ ಬೆಳೆಸುತ್ತ ಹೋಗಿ, ಹಗಲು ಸಾಕಷ್ಟು ಚಿಕ್ಕದಾಗುವ ಹೊತ್ತಿಗೆ ಚಳಿಗೆ ಸಿಕ್ಕಿಬೀಳುತ್ತವೆ. ಗಿಡದ ಆರೈಕೆಯಲ್ಲಿ ದೋಷವಿಲ್ಲದಿದ್ದರೂ ಫಲ ಸಿಗುವುದಿಲ್ಲ. ಬಿಸಿ ಪ್ರದೇಶದ ಬಂಧುಗಳು ಪ್ರೀತಿಯಿಂದ ಕೊಟ್ಟ ಬೀಜ ಎಷ್ಟೇ ಒಳ್ಳೆಯದಾಗಿದ್ದರೂ ತಂಪಿನಲ್ಲಿ ಕೈಕೊಡಲು ಇದೂ ಒಂದು ಕಾರಣ. ಆದುದರಿಂದ ಹಗಲಿನ ಉದ್ದವನ್ನು ಅಷ್ಟಾಗಿ ಲೆಕ್ಕಿಸದ, ಬೇಗನೆ ಫಲ ಕೊಡುವ, ಗಿಡ್ಡ ತಳಿಗಳನ್ನೇ ಆರಿಸಬೇಕು. ಅಮೆರಿಕದ ಆಲ್ ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿಯನ್ನು 1939ರಲ್ಲಿ ಪಡೆದ ಕ್ಲೆಮ್ಸನ್ ಸ್ಪೈನ್‌ಲೆಸ್ ತಳಿ ಇಂದಿಗೂ ನಂಬಿಕೆಗೆ ಅರ್ಹವಾದದ್ದು. ಅದೇ ಪ್ರಶಸ್ತಿಯನ್ನು 1997ರಲ್ಲಿ ಪಡೆದ ಕೇಜನ್ ಡಿಲೈಟ್ ಎಂಬ ಸಂಕರ ತಳಿ ಅದಕ್ಕಿಂತ ಬೇಗ ಕಾಯಿ ಬಿಡುತ್ತದೆ. ಚಿಕ್ಕ ಬೇಸಿಗೆಯವರಿಗೆ ನನ್ನ ಮೊದಲ ಸಲಹೆ ಅದೇ. ಬೀಜದ ಪೊಟ್ಟಣದ ಮೇಲೆ 50ರಿಂದ 55 ದಿನ ಎಂದು ಬರೆದಿದ್ದರೆ ಅದು ಬಿಸಿ ಪ್ರದೇಶದ ಲೆಕ್ಕವೆಂದು ತಿಳಿದು, ನಮ್ಮಲ್ಲಿ ಮೂರು ನಾಲ್ಕು ವಾರ ಸೇರಿಸಿಕೊಳ್ಳಬೇಕು.

ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಣ್ಣಿನ ಪಿಎಚ್, ಅಂದರೆ ಅದರ ಹುಳಿ ಕ್ಷಾರಗಳ ಅಳತೆ, 6ರಿಂದ 6.8ರ ನಡುವೆ ಇರಲಿ. ಮೊದಲ ಕಾಯಿ ಕಟ್ಟುವವರೆಗೆ ಸಾರಜನಕ ಹೆಚ್ಚು ಕೊಡದಿರಲಿ. ಕಾಯಿ ಆರಂಭವಾದ ಮೇಲೆ ಮೂರು ವಾರಕ್ಕೊಮ್ಮೆ ಒಂದೊಂದು ಹಿಡಿ ಎರೆಗೊಬ್ಬರ ಸಾಕಾಗುತ್ತದೆ. ನೀರನ್ನು ಬೆಳಿಗ್ಗೆ ಹಾಕಬೇಕು, ಸಂಜೆ ಹಾಕಿದರೆ ಮಣ್ಣು ರಾತ್ರಿಯಿಡೀ ತಣ್ಣಗಿರುತ್ತದೆ.

ಕೀಟಗಳಲ್ಲಿ ನನಗೆ ಹೆಚ್ಚು ತೊಂದರೆ ಕೊಟ್ಟದ್ದು ಸಸ್ಯಹೇನು. ಎಲೆಯ ಅಡಿಯಲ್ಲಿ ಗುಂಪಾಗಿ ಕುಳಿತು ರಸ ಹೀರುವ ಇವನ್ನು ಆರಂಭದಲ್ಲಿಯೇ ನೀರಿನ ರಭಸದಿಂದ ತೊಳೆದುಹಾಕಿದರೆ ಬೇರೆ ಔಷಧಿ ಬೇಕಾಗುವುದಿಲ್ಲ. ಆದರೆ ಎಲೆಯ ಅಡಿಯಲ್ಲೂ ತೊಟ್ಟಿನ ಮೇಲೂ ಸಕ್ಕರೆಯ ಹರಳಿನಂಥ, ಗಾಜಿನಂತೆ ಪಾರದರ್ಶಕವಾದ ಪುಟ್ಟ ಮಣಿಗಳು ಕಂಡರೆ ಗಾಬರಿಯಾಗಬಾರದು. ನಾನು ಅವನ್ನು ಯಾವುದೋ ಕೀಟದ ಮೊಟ್ಟೆಗಳೆಂದು ಭಾವಿಸಿ ಒಂದು ಬೆಳಗ್ಗೆಯೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದ್ದೇನೆ. ಎರಡು ದಿನದಲ್ಲಿ ಅವು ಮತ್ತೆ ಅಲ್ಲಿಯೇ ಇದ್ದವು. ಅವು ಗಿಡವೇ ಹೊರಹಾಕುವ ರಸದ ಹನಿಗಳು, ರೋಗವೂ ಅಲ್ಲ, ಕೀಟವೂ ಅಲ್ಲ. ಬೆರಳಿಗೆ ಹತ್ತಿಸಿ ನೋಡಿದರೆ ಹಿಚುಕಿಹೋಗಿ ಅಂಟುತ್ತವೆ. ಅವನ್ನು ತಿನ್ನಲು ಇರುವೆಗಳು ಬರಬಹುದು, ಅವುಗಳಿಂದಲೂ ಹಾನಿಯಿಲ್ಲ.

ಮೊದಲ ಹೂವು ಅರಳುವ ದಿನ ಬೆಳಿಗ್ಗೆ ಬೇಗ ಎದ್ದು ಹೋಗಿ ನೋಡಬೇಕು. ತಿಳಿಹಳದಿಯ ಐದು ದಳಗಳು ಒಂದರ ಮೇಲೊಂದು ಸುರುಳಿಯಾಗಿ ಸುತ್ತಿಕೊಂಡಿದ್ದು, ಬಿಸಿಲು ತಾಗುತ್ತಿದ್ದಂತೆ ಬಿಚ್ಚಿಕೊಳ್ಳುತ್ತವೆ. ನಡುವಿನಲ್ಲಿ ಕಡುಗೆಂಪಿನ ಬಟ್ಟಲು, ಅದರೊಳಗಿಂದ ಮೇಲೆದ್ದ ಕೇಸರಗಳ ಕಂಬ. ಆ ಹೂವಿಗೆ ಒಂದೇ ಹಗಲಿನ ಆಯುಸ್ಸು. ಸಂಜೆಗೆ ಮುದುಡಿ, ಮರುದಿನ ಒಣಗಿ, ಬೆರಳು ತಾಗಿದರೆ ಕಳಚಿಬೀಳುತ್ತದೆ. ಅದರ ಕೆಳಗೆ ಉಗುರಿನಷ್ಟು ಹೀಚು ಕಾಣುತ್ತದೆ. ಬಿಸಿ ಪ್ರದೇಶದಲ್ಲಿ ಆ ಹೀಚು ನಾಲ್ಕರಿಂದ ಆರು ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ತಂಪಿನಲ್ಲಿ ಎಂಟು ದಿನವೂ ಆಗಬಹುದು. ಇಲ್ಲಿ ಒಂದು ಎಚ್ಚರಿಕೆ ಬೇಕು. ಕಾಯಿ ಚಿಕ್ಕದಾಗಿದೆ, ಇನ್ನೂ ಬೆಳೆಯಲಿ ಎಂದು ಬಿಟ್ಟರೆ ಅದು ಉದ್ದವಾಗುವ ಮೊದಲೇ ಬಲಿತು ನಾರಾಗಿಬಿಡುತ್ತದೆ. ಏಕೆಂದರೆ ಕಾಯಿ ಬಲಿಯುವುದಕ್ಕೆ ಉದ್ದಕ್ಕಿಂತ ವಯಸ್ಸು ಮುಖ್ಯ. ತುದಿಯನ್ನು ಹೆಬ್ಬೆರಳಿನಿಂದ ಬಗ್ಗಿಸಿದಾಗ ಲಟಕ್ಕನೆ ಮುರಿದರೆ ಎಳೆಯದು, ಬಾಗಿ ಮತ್ತೆ ನೆಟ್ಟಗಾದರೆ ಬಲಿತದ್ದು. ಆ ತುದಿ ಮುರಿದ ಕಾಯಿಯನ್ನು ಅಂದೇ ಅಡುಗೆಗೆ ತೆಗೆದುಕೊಳ್ಳುತ್ತೇನೆ, ಉಳಿದವನ್ನು ಅದರ ಅಳತೆಗೆ ಹೋಲಿಸಿ ಕೊಯ್ಯುತ್ತೇನೆ. ನನ್ನ ತೋಟದಲ್ಲಿ 7ರಿಂದ 8 ಸೆಂಟಿಮೀಟರ್ ದಾಟಲು ಬಿಡುವುದೇ ಇಲ್ಲ.

ಎರಡು ದಿನಕ್ಕೊಮ್ಮೆ ತಪ್ಪದೆ ಕೊಯ್ಯಬೇಕು. ಒಂದು ಕಾಯಿ ಬಲಿಯಲು ಬಿಟ್ಟರೂ ಗಿಡದ ಶಕ್ತಿಯೆಲ್ಲ ಅದರ ಬೀಜಕ್ಕೆ ಹರಿದು ಮೇಲಿನ ಮೊಗ್ಗುಗಳು ಸೊರಗುತ್ತವೆ. ಎಳೆಯದೆ, ತೊಟ್ಟನ್ನು ಕತ್ತರಿಯಿಂದ ಕತ್ತರಿಸುವುದು ಒಳ್ಳೆಯದು. ಮುಳ್ಳಿಲ್ಲದ ತಳಿಯಾದರೂ ಸುಂಕು ಇದ್ದೇ ಇರುತ್ತದೆ, ಚರ್ಮಕ್ಕೆ ತಾಗಿದರೆ ತುರಿಸುತ್ತದೆ; ಉದ್ದ ತೋಳಿನ ಅಂಗಿ, ಕೈಗವಸು ಹಾಕಿಕೊಂಡೇ ನಾನು ಸಾಲಿಗೆ ಇಳಿಯುತ್ತೇನೆ. ಕೊಯ್ದ ಕಾಯಿಯನ್ನು ಫ್ರಿಜ್ಜಿನ ತೀರಾ ತಣ್ಣನೆಯ ಭಾಗದಲ್ಲಿ ಇಡಬಾರದು. 7 ಡಿಗ್ರಿಗಿಂತ ಕೆಳಗೆ ಅದರ ಮೈಮೇಲೆ ಗುಳಿಬಿದ್ದು ಕಪ್ಪು ಕಲೆಗಳಾಗುತ್ತವೆ. ಗಿಡದಿಂದ ಬೇರೆಯಾದ ಮೇಲೂ ಕಾಯಿಗೆ ಚಳಿ ಆಗಿಬರುವುದಿಲ್ಲ. ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿ, ಬಾಗಿಲಿನ ಅರೆಯಲ್ಲಿಟ್ಟು ಎರಡು ಮೂರು ದಿನಗಳೊಳಗೆ ಬಳಸುವುದು ಸರಿ.

ರಾತ್ರಿಗಳು ಮತ್ತೆ 12, 10 ಡಿಗ್ರಿಗೆ ಇಳಿಯತೊಡಗಿದಾಗ ಮೊಗ್ಗುಗಳು ಅರಳದೆ ಉದುರುತ್ತವೆ. ಆ ಕಾಲಕ್ಕೆ ಸುಮಾರು ಒಂದು ತಿಂಗಳು ಮೊದಲೇ ನಾನು ಗಿಡಗಳ ತುದಿಯನ್ನು ಚಿವುಟಿ, ಇದ್ದ ಕಾಯಿಗಳಷ್ಟೇ ತುಂಬುವಂತೆ ಮಾಡುತ್ತೇನೆ, ಬಿಳಿಯ ಹೊದಿಕೆಯನ್ನು ರಾತ್ರಿ ಹೊತ್ತು ಮತ್ತೆ ಹೊದಿಸುತ್ತೇನೆ. ಇದರಿಂದ ಎರಡು ವಾರದ ಕೊಯ್ಲು ಹೆಚ್ಚಿಗೆ ಸಿಗುತ್ತದೆ.

ಬೀಜಕ್ಕೆ ಬಿಡುವ ಕಾಯಿಯನ್ನು ಮಾತ್ರ ಬೇಸಿಗೆಯ ಆರಂಭದಲ್ಲಿಯೇ ಗುರುತಿಸಿಕೊಳ್ಳಬೇಕು, ಕೊನೆಯಲ್ಲಿ ಉಳಿದ ಕಾಯಿಗೆ ಬಲಿಯಲು ಕಾಲ ಸಾಲದು. ಸಂಕರ ತಳಿಯ ಬೀಜ ತಾಯಿಗಿಡದಂತೆ ಬಾರದಾದ್ದರಿಂದ ಈ ಕೆಲಸಕ್ಕೆ ಕ್ಲೆಮ್ಸನ್ ಸ್ಪೈನ್‌ಲೆಸ್‌ನಂಥ ಸ್ಥಿರ ತಳಿಯೇ ಬೇಕು. ಹತ್ತಿರದಲ್ಲಿ ಬೇರೆ ತಳಿಯಿದ್ದರೆ ಅರಳುವ ಹಿಂದಿನ ಸಂಜೆ ಮೊಗ್ಗಿಗೆ ತೆಳುಬಟ್ಟೆಯ ಪುಟ್ಟ ಚೀಲ ಕಟ್ಟಬೇಕು, ಇಲ್ಲದಿದ್ದರೆ ದುಂಬಿಗಳು ಪರಾಗವನ್ನು ಬೆರೆಸುತ್ತವೆ. ನಾನು ಎಲ್ಲಕ್ಕಿಂತ ಮೊದಲು ಹೂ ಬಿಟ್ಟ ಗಿಡವನ್ನು ಆರಿಸಿ, ಅದರ ಎರಡನೆಯ ಕಾಯಿಗೆ ಕೆಂಪು ದಾರ ಕಟ್ಟಿ, ಆ ಗಿಡದ ಉಳಿದ ಕಾಯಿಗಳನ್ನು ಎಂದಿನಂತೆ ಕೊಯ್ಯುತ್ತೇನೆ. ಐದಾರು ವಾರಗಳಲ್ಲಿ ದಾರ ಕಟ್ಟಿದ ಕಾಯಿ ಕಂದುಬಣ್ಣಕ್ಕೆ ತಿರುಗಿ, ಏಣುಗಳ ಉದ್ದಕ್ಕೂ ಸೀಳತೊಡಗುತ್ತದೆ. ಮಳೆ ಬರುವಂತಿದ್ದರೆ ತೊಟ್ಟಿನ ಸಮೇತ ಕತ್ತರಿಸಿ ಒಳಗೆ ತೂಗುಹಾಕುತ್ತೇನೆ. ಅಲುಗಿಸಿದಾಗ ಒಳಗೆ ಬೀಜಗಳು ಗಿಲಿಗಿಲಿ ಎಂದರೆ ಬಿಡಿಸಿ, ಇನ್ನೊಂದು ವಾರ ನೆರಳಿನಲ್ಲಿ ಒಣಗಿಸಿ, ಕಾಗದದ ಚೀಲದಲ್ಲಿ ಕಟ್ಟಿ, ಚೀಲದ ಮೇಲೆ ತಳಿಯ ಹೆಸರು, ನಾಟಿ ಮಾಡಿದ ದಿನ, ಆ ದಿನ ಬೆಳಿಗ್ಗೆ ಎಂಟು ಗಂಟೆಗೆ ಮಣ್ಣು ತೋರಿಸಿದ ಉಷ್ಣತೆ, ಈ ಮೂರನ್ನೂ ಬರೆದಿಡುತ್ತೇನೆ.